ಜ್ಯಾಕ್ ಇಲ್ಲದ ಫೋನಿಗೆ ಹೆಡ್‌ಫೋನ್ ಅಡಾಪ್ಟರ್: ಒಂದು ಕೇಳಿಸುತ್ತದೆ, ಇನ್ನೊಂದು ಕೇಳಿಸುವುದಿಲ್ಲ, ಕಾರಣವೇನು?

ಧ್ವನಿಲಿಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಧ್ವನಿಮುದ್ರಣಗಳನ್ನು ಕೇಳಿ ಬರಹಕ್ಕಿಳಿಸುವುದು ನನ್ನ ಕೆಲಸ. ಕೆಲವೊಮ್ಮೆ ಫೋನಿನಲ್ಲಿಯೇ ಮಾತಿನ ತುಣುಕುಗಳನ್ನು ಕತ್ತರಿಸಿ ಜೋಡಿಸಬೇಕಾಗುತ್ತದೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಪರದೆಯ ಮೇಲೆ ಗೆರೆ ಮುಂದೆ ಹೋದ ಮೇಲೆ ದನಿ ಕಿವಿಗೆ ಬರುವುದರಿಂದ ಎಲ್ಲಿ ಕತ್ತರಿಸಬೇಕೆಂಬುದು ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ತಂತಿಯ ಇಯರ್‌ಫೋನನ್ನೇ ಬಳಸಬೇಕೆಂದಿದ್ದೇನೆ, ಆದರೆ ಈಗಿನ ಫೋನಿನಲ್ಲಿ 3.5 ಮಿಲಿಮೀಟರ್ ಜ್ಯಾಕ್ ಇಲ್ಲ, ಟೈಪ್-ಸಿ ಪೋರ್ಟ್ ಒಂದೇ ಇದೆ.

ನನ್ನ ಬಳಿ ಎರಡು ಅಡಾಪ್ಟರ್‌ಗಳಿವೆ. ಮೊದಲನೆಯದು ಮನೆಯಲ್ಲಿರುವ ಬೇರೊಂದು ಹಳೆಯ ಫೋನಿನ ಡಬ್ಬಿಯಲ್ಲಿ ಬಂದದ್ದು. ಆ ಫೋನಿಗೆ ಹಾಕಿದರೆ ಈಗಲೂ ಸ್ವಚ್ಛವಾಗಿ ಕೇಳಿಸುತ್ತದೆ, ನನ್ನ ಫೋನಿಗೆ ಹಾಕಿದರೆ ಈ ಸಾಧನ ಹೊಂದುವುದಿಲ್ಲ ಎಂಬ ಸೂಚನೆ ಬಂದು ದನಿ ಫೋನಿನ ಸ್ಪೀಕರಿನಿಂದಲೇ ಹೊರಡುತ್ತದೆ. ಎರಡನೆಯದನ್ನು ನಾನು ಬೇರೆಯಾಗಿ ಕೊಂಡೆ. ಅದು ಕೆಲಸ ಮಾಡುತ್ತದೆ, ಆದರೆ ವಾಲ್ಯೂಮನ್ನು ಕೊನೆಯವರೆಗೆ ಏರಿಸಿದರೂ ದನಿ ಸಾಲದು. ಜೊತೆಗೆ, ಅದನ್ನು ತೆಗೆದಿಟ್ಟು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಕಿದರೆ ಫೋನ್ ಗುರುತಿಸುವುದೇ ಇಲ್ಲ.

ನೋಡಲು ಎರಡೂ ಒಂದೇ ರೀತಿ ಇವೆ: ಒಂದು ತುದಿಯಲ್ಲಿ ಟೈಪ್-ಸಿ, ಇನ್ನೊಂದು ತುದಿಯಲ್ಲಿ ಹೆಡ್‌ಫೋನ್ ಸೇರಿಸುವ ತೂತು, ನಡುವೆ ಬೆರಳುದ್ದದ ತಂತಿ. ಹಾಗಿದ್ದ ಮೇಲೆ ಇಷ್ಟು ವ್ಯತ್ಯಾಸ ಏಕೆ? ಹೊಸದನ್ನು ಕೊಳ್ಳಬೇಕಾದರೆ ಏನನ್ನು ನೋಡಿ ಕೊಳ್ಳಬೇಕು? ಫೋನನ್ನು ಚಾರ್ಜಿಗೆ ಹಾಕಿಕೊಂಡೇ ಕೇಳುವ ದಾರಿ ಇದೆಯೇ? ತಿಳಿದವರು ದಯವಿಟ್ಟು ವಿವರಿಸಿ.

ತಾಮ್ರತಂತಿ

ನಮಸ್ಕಾರ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಡಿಜಿಟಲ್ ಅಂಕಿಗಳನ್ನು ಕಿವಿಗೆ ಕೇಳುವ ವಿದ್ಯುತ್ ಸಂಕೇತವಾಗಿ ಬದಲಾಯಿಸುವ ಕೆಲಸ ಎಲ್ಲಿ ನಡೆಯುತ್ತದೆ ಎಂಬುದರಲ್ಲಿ. ಈ ಕೆಲಸ ಮಾಡುವ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ. ಜ್ಯಾಕ್ ಇದ್ದ ಕಾಲದಲ್ಲಿ ಅದು ಫೋನಿನೊಳಗೇ ಇರುತ್ತಿತ್ತು, ಜ್ಯಾಕಿನಿಂದ ಹೊರಬರುತ್ತಿದ್ದದ್ದು ಆಗಲೇ ಸಿದ್ಧವಾದ ಅನಲಾಗ್ ಸಂಕೇತ. ಜ್ಯಾಕನ್ನು ತೆಗೆದ ಮೇಲೆ ಕಂಪನಿಗಳು ಎರಡು ದಾರಿ ಹಿಡಿದವು, ನಿಮ್ಮ ಎರಡು ಅಡಾಪ್ಟರ್‌ಗಳು ಆ ಎರಡು ದಾರಿಗಳಿಗೆ ಸೇರಿದವು.

ಮೊದಲ ದಾರಿಯಲ್ಲಿ ಡ್ಯಾಕ್ ಫೋನಿನೊಳಗೇ ಉಳಿಯುತ್ತದೆ. ಟೈಪ್-ಸಿ ಮಾನದಂಡದಲ್ಲಿಯೇ ಇದಕ್ಕೆ ಅವಕಾಶ ಮಾಡಲಾಗಿತ್ತು. ಅಡಾಪ್ಟರ್ ತನ್ನ, ಏನು ಸೇರಿದೆ ಎಂದು ಫೋನಿಗೆ ತಿಳಿಸುವ, ಎರಡು ಸಿಸಿ ಪಿನ್‌ಗಳನ್ನೂ ಸಣ್ಣ ರೋಧದ ಮೂಲಕ ಗ್ರೌಂಡಿಗೆ (ವಿದ್ಯುತ್ ಮರಳುವ ಸಾಮಾನ್ಯ ತಂತಿಗೆ) ಸೇರಿಸಿರುತ್ತದೆ, ಫೋನ್ ಅದನ್ನು ಗಮನಿಸಿ, ಸಾಮಾನ್ಯವಾಗಿ ಡೇಟಾ ಸಾಗಿಸುವ ಎರಡು ತಂತಿಗಳ ಮೇಲೆ ಎಡ ಮತ್ತು ಬಲ ಕಿವಿಯ ಅನಲಾಗ್ ಸಂಕೇತವನ್ನು ನೇರವಾಗಿ ಕಳುಹಿಸುತ್ತದೆ. ಇಂಥ ಅಡಾಪ್ಟರಿನೊಳಗೆ ಚಿಪ್ ಇರುವುದಿಲ್ಲ, ತಂತಿಗಳ ಜೋಡಣೆಯಷ್ಟೇ ಇರುತ್ತದೆ. ಇದನ್ನು ಪ್ಯಾಸಿವ್ ಅಡಾಪ್ಟರ್ ಎನ್ನುತ್ತಾರೆ. ತೊಂದರೆ ಏನೆಂದರೆ, ಈ ಅನಲಾಗ್ ದಾರಿಯನ್ನು ಇಡುವುದು ಬಿಡುವುದು ಫೋನ್ ತಯಾರಕರ ಇಷ್ಟಕ್ಕೆ ಬಿಟ್ಟದ್ದು. 2017ರಲ್ಲಿ ಬಂದ ಗೂಗಲ್ ಪಿಕ್ಸೆಲ್ 2 ಆಗಲಿ, 2019ರ ಸ್ಯಾಮ್‌ಸಂಗ್ ನೋಟ್ 10 ಆಗಲಿ ಜ್ಯಾಕನ್ನು ಕೈಬಿಟ್ಟಾಗ ಈ ದಾರಿಯನ್ನು ಇಟ್ಟುಕೊಳ್ಳಲಿಲ್ಲ, ಅದೇ ಕಾಲದ ಬೇರೆ ಕೆಲವು ಕಂಪನಿಗಳು ಇಟ್ಟುಕೊಂಡವು. ನಿಮ್ಮ ಮೊದಲ ಅಡಾಪ್ಟರ್ ಹಳೆಯ ಫೋನಿನಲ್ಲಿ ಹಾಡಿ ಹೊಸ ಫೋನಿನಲ್ಲಿ ಮೂಕವಾಗುವುದಕ್ಕೆ ಇದೇ ಕಾರಣ. ಅಡಾಪ್ಟರೂ ಕೆಟ್ಟಿಲ್ಲ, ಫೋನೂ ಕೆಟ್ಟಿಲ್ಲ.

ಎರಡನೆಯ ದಾರಿಯಲ್ಲಿ ಫೋನ್ ಡಿಜಿಟಲ್ ಅಂಕಿಗಳನ್ನು ಯುಎಸ್‌ಬಿ ಮೂಲಕ ಹಾಗೆಯೇ ಹೊರಗೆ ಕಳುಹಿಸುತ್ತದೆ, ಡ್ಯಾಕ್ ಮತ್ತು ಪುಟ್ಟ ಆಂಪ್ಲಿಫೈಯರ್ ಎರಡೂ ಅಡಾಪ್ಟರಿನೊಳಗೆ, ಬಹುಮಟ್ಟಿಗೆ ಆ ಟೈಪ್-ಸಿ ತುದಿಯ ಪ್ಲಾಸ್ಟಿಕ್ ಕವಚದಲ್ಲಿಯೇ ಅಡಗಿರುತ್ತವೆ. ಇದು ಆಕ್ಟಿವ್ ಅಡಾಪ್ಟರ್. ಯುಎಸ್‌ಬಿ ಆಡಿಯೊ ಸಾಧನವನ್ನು ಬೆಂಬಲಿಸುವ ಯಾವುದೇ ಫೋನಿನಲ್ಲಿ ಇದು ನಡೆಯಬೇಕು. 2016ರ ಐಫೋನ್ 7ರ ಜೊತೆಗೆ ಬಂದ ಲೈಟ್ನಿಂಗ್ ಅಡಾಪ್ಟರಿನೊಳಗೂ ಡ್ಯಾಕ್ ಇತ್ತು, 2023ರಲ್ಲಿ ಐಫೋನ್ 15 ಟೈಪ್-ಸಿಗೆ ಬಂದ ಮೇಲೆ ಸಾಮಾನ್ಯ ಯುಎಸ್‌ಬಿ ಡ್ಯಾಕ್ ಅಡಾಪ್ಟರ್‌ಗಳನ್ನೇ ಅದಕ್ಕೂ ಹಾಕಬಹುದಾಗಿದೆ.

ನಿಮ್ಮ ಕೈಯಲ್ಲಿರುವುದು ಯಾವುದೆಂದು ತಿಳಿಯಲು ಸುಲಭವಾದ ಪರೀಕ್ಷೆ ಇದೆ. ಇಯರ್‌ಫೋನನ್ನು ಮೊದಲು ಅಡಾಪ್ಟರಿಗೆ ಸೇರಿಸಿ, ಅನಂತರ ಅಡಾಪ್ಟರನ್ನು ಕಂಪ್ಯೂಟರಿನ ಟೈಪ್-ಸಿ ಪೋರ್ಟಿಗೆ ಹಾಕಿ, ಧ್ವನಿಯ ಸೆಟ್ಟಿಂಗ್‌ನಲ್ಲಿರುವ ಸಾಧನಗಳ ಪಟ್ಟಿಯನ್ನು ತೆರೆಯಿರಿ. ಅಲ್ಲಿ ಹೊಸ ಹೆಸರೊಂದು ಕಾಣಿಸಿಕೊಂಡರೆ ಅದು ಆಕ್ಟಿವ್. ಏನೂ ಬದಲಾಗದಿದ್ದರೆ ಬಹುಮಟ್ಟಿಗೆ ಪ್ಯಾಸಿವ್. ಇಯರ್‌ಫೋನನ್ನು ಮೊದಲೇ ಸೇರಿಸಲು ಹೇಳಿದ್ದಕ್ಕೂ ಕಾರಣವಿದೆ: ಕೆಲವು ಅಡಾಪ್ಟರ್‌ಗಳು ತಮ್ಮ ತೂತಿನೊಳಗೆ ಪ್ಲಗ್ ಕುಳಿತ ಮೇಲೆಯೇ ತಾವಿರುವುದನ್ನು ತಿಳಿಸುತ್ತವೆ.

ಕೊಳ್ಳುವಾಗ ಪೊಟ್ಟಣದ ಮೇಲೆ ಡ್ಯಾಕ್ ಎಂಬ ಮಾತು ಅಥವಾ 24 ಬಿಟ್, 48 ಕಿಲೋಹರ್ಟ್ಸ್ ಎಂಬಂಥ, ಡಿಜಿಟಲ್ ದನಿಯ ಸೂಕ್ಷ್ಮತೆ ಮತ್ತು ದರದ ವಿವರ ಇದೆಯೇ ಎಂದು ನೋಡಿ. ಚಿಪ್ ಇಲ್ಲದ ಅಡಾಪ್ಟರಿಗೆ ಇಂಥ ಸಂಖ್ಯೆಗಳೇ ಇರುವುದಿಲ್ಲ. ಎಲ್ಲ ಟೈಪ್-ಸಿ ಫೋನ್‌ಗಳಿಗೂ ಹೊಂದುತ್ತದೆ ಎಂಬ ಒಂದೇ ಸಾಲನ್ನು ಬರೆದು ಬೇರೇನನ್ನೂ ತಿಳಿಸದ ಪೊಟ್ಟಣವನ್ನು ನಾನು ನಂಬುವುದಿಲ್ಲ.

ಪಿನ್‌ನೋಟ

ತಾಮ್ರತಂತಿಯವರ ವಿವರಣೆಗೆ ಸೇರಿಸುವುದು ಸ್ವಲ್ಪವೇ. ಮತ್ತೆ ಹಾಕಿದರೆ ಗುರುತಿಸುವುದಿಲ್ಲ ಎಂದಿದ್ದೀರಲ್ಲ, ಸೆಟ್ಟಿಂಗ್ಸ್ ತೆರೆದು ಒಟಿಜಿ ಎಂದು ಹುಡುಕಿ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಬಾಹ್ಯ ಯುಎಸ್‌ಬಿ ಸಾಧನಗಳಿಗೆ ಫೋನಿನಿಂದ ವಿದ್ಯುತ್ ಹೋಗಬೇಕಾದರೆ ಒಟಿಜಿ ಸಂಪರ್ಕ ಎಂಬ ಸ್ವಿಚ್ಚನ್ನು ನಾವೇ ಹಾಕಬೇಕು, ಮತ್ತು 10 ನಿಮಿಷ ಬಳಕೆ ಇಲ್ಲದಿದ್ದರೆ ಅದು ತಾನಾಗಿಯೇ ಆರಿಹೋಗುತ್ತದೆ. ಆಕ್ಟಿವ್ ಅಡಾಪ್ಟರಿಗೆ ಬೇಕಾದ ವಿದ್ಯುತ್ತೂ ಅಲ್ಲಿಂದಲೇ ಬರುವುದರಿಂದ ಸ್ವಿಚ್ ಆರಿದ್ದರೆ ಫೋನಿನ ಪಾಲಿಗೆ ಅಡಾಪ್ಟರ್ ಇಲ್ಲವೇ ಇಲ್ಲ.

ಇನ್ನೊಂದು ವಿಷಯ. ನೀವು ಎಂದಾದರೂ ಡೆವಲಪರ್ ಆಯ್ಕೆಗಳನ್ನು (ಸೆಟ್ಟಿಂಗ್ಸ್‌ನಲ್ಲಿ ಸಾಮಾನ್ಯವಾಗಿ ಅಡಗಿರುವ ಪಟ್ಟಿ) ತೆರೆದಿದ್ದರೆ, ಅಲ್ಲಿ ಯುಎಸ್‌ಬಿ ಆಡಿಯೊ ರೂಟಿಂಗನ್ನು ನಿಷ್ಕ್ರಿಯಗೊಳಿಸುವ ಆಯ್ಕೆಯೊಂದಿದೆ. ಅದು ಆಫ್ ಆಗಿರಬೇಕು. ಆನ್ ಆಗಿದ್ದರೆ ಎಷ್ಟೇ ಒಳ್ಳೆಯ ಅಡಾಪ್ಟರ್ ಹಾಕಿದರೂ ದನಿ ಸ್ಪೀಕರಿನಿಂದಲೇ ಬರುತ್ತದೆ.

ಪೋರ್ಟಿನೊಳಗೆ ಬೆಳಕು ಬಿಟ್ಟು ಒಮ್ಮೆ ನೋಡುವುದೂ ಒಳ್ಳೆಯದು. ಜೇಬಿನ ಬಟ್ಟೆಯ ನಾರು ಒಳಗೆ ಸೇರಿ, ಪ್ಲಗ್ ಹಾಕಿದಷ್ಟೂ ತಳದಲ್ಲಿ ಒತ್ತಿ ಒತ್ತಿ ಗಟ್ಟಿಯಾದ ಪದರವಾಗುತ್ತದೆ. ಆಗ ಪ್ಲಗ್ ಪೂರ್ತಿ ಒಳಹೋಗದೆ ಅದರ ಲೋಹದ ಅಂಚು ಗೆರೆಯಷ್ಟು ಹೊರಗೇ ಕಾಣುತ್ತದೆ, ಕುಳಿತಾಗ ಕೈಗೆ ತಿಳಿಯುವ ಟಿಕ್ ಎಂಬ ಹಿಡಿತವೂ ಇರುವುದಿಲ್ಲ. ಫೋನನ್ನು ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ನಿಧಾನವಾಗಿ ಕೆದಕಿ ಆ ಪದರವನ್ನು ಎಬ್ಬಿಸಿ. ಸೂಜಿ, ಗುಂಡುಪಿನ್ನುಗಳನ್ನು ಮುಟ್ಟಲೇಬೇಡಿ. ದಪ್ಪ ಕವರ್ ಹಾಕಿದ್ದರೆ ಅದನ್ನು ತೆಗೆದೂ ನೋಡಿ, ಅಡಾಪ್ಟರಿನ ಅಗಲ ತಲೆ ಕವರಿನ ಅಂಚಿಗೆ ತಾಗಿ ನಿಲ್ಲುವುದುಂಟು.

ಧ್ವನಿಲಿಪಿ

ಇಬ್ಬರಿಗೂ ಧನ್ಯವಾದಗಳು. ಒಟಿಜಿ ಸ್ವಿಚ್ ನಿಜವಾಗಿಯೂ ಆರಿಹೋಗಿತ್ತು, ಅದನ್ನು ಹಾಕಿದ ಕೂಡಲೇ ಎರಡನೆಯ ಅಡಾಪ್ಟರನ್ನು ಫೋನ್ ಗುರುತಿಸಿತು. ಕಂಪ್ಯೂಟರಿನ ಪರೀಕ್ಷೆಯಲ್ಲಿ ಮೊದಲನೆಯದು ಏನನ್ನೂ ತೋರಿಸಲಿಲ್ಲ, ಎರಡನೆಯದರ ಹೆಸರು ಪಟ್ಟಿಯಲ್ಲಿ ಬಂದಿತು.

ದನಿ ಕಡಿಮೆ ಎಂಬುದು ಮಾತ್ರ ಹಾಗೆಯೇ ಉಳಿದಿದೆ. ವಿಚಿತ್ರವೆಂದರೆ ಅದೇ ಅಡಾಪ್ಟರ್, ಅದೇ ಇಯರ್‌ಫೋನ್ ಕಂಪ್ಯೂಟರಿನಲ್ಲಿ ಸಾಕಷ್ಟು ಜೋರಾಗಿ ಕೇಳಿಸುತ್ತವೆ. ಇದಲ್ಲದೆ ನನ್ನ ಬಳಿ ಮೈಕ್ ಇರುವ ಹಳೆಯ ಇಯರ್‌ಫೋನ್ ಒಂದಿದೆ. ಅದನ್ನು ಈ ಅಡಾಪ್ಟರಿಗೆ ಹಾಕಿದರೆ ಸಂಗೀತ ದೂರದಿಂದ ಬಂದಂತೆ ಟೊಳ್ಳಾಗಿ ಕೇಳಿಸುತ್ತದೆ, ಹಾಡುವವರ ದನಿಯಂತೂ ಬಹುತೇಕ ಮಾಯವಾಗಿ ಹಿಮ್ಮೇಳ ಮಾತ್ರ ಉಳಿಯುತ್ತದೆ. ಮೈಕಿನ ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಎಲ್ಲವೂ ಸರಿಯಾಗುತ್ತದೆ! ಇದು ಇಯರ್‌ಫೋನಿನ ದೋಷವೇ, ಅಡಾಪ್ಟರಿನದೇ?

ಓಮ್‌ಲೆಕ್ಕ

ಗುಂಡಿ ಒತ್ತಿದಾಗ ಸರಿಯಾಗುತ್ತದೆ ಎಂದು ನೀವು ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು, ಕಾರಣವನ್ನು ಅದೇ ಹೇಳುತ್ತಿದೆ. ಮೈಕ್ ಇರುವ ಇಯರ್‌ಫೋನಿನ ಪ್ಲಗ್ಗಿನ ಮೇಲೆ ಮೂರು ಕಪ್ಪು ಉಂಗುರಗಳು, ಅವುಗಳ ನಡುವೆ ನಾಲ್ಕು ಲೋಹದ ಭಾಗಗಳು ಇರುತ್ತವೆ. ತುದಿ ಎಡ ಕಿವಿಗೆ, ಅದರ ಹಿಂದಿನದು ಬಲ ಕಿವಿಗೆ. ಉಳಿದ ಎರಡರಲ್ಲಿ ಯಾವುದು ಗ್ರೌಂಡ್, ಯಾವುದು ಮೈಕ್ ಎಂಬುದಕ್ಕೆ ಎರಡು ಪದ್ಧತಿಗಳಿವೆ. ಸಿಟಿಐಎ ಪದ್ಧತಿಯಲ್ಲಿ ಗ್ರೌಂಡ್ ಮೊದಲು, ಮೈಕ್ ಕೊನೆಗೆ, ಒಎಂಟಿಪಿ ಎಂಬ ಹಿಂದಿನ ಪದ್ಧತಿಯಲ್ಲಿ ಇವೆರಡೂ ಅದಲುಬದಲು. ಈಗಿನ ಅಡಾಪ್ಟರ್‌ಗಳು ಬಹುತೇಕ ಸಿಟಿಐಎ ಪದ್ಧತಿಯವು, ನಿಮ್ಮ ಹಳೆಯ ಇಯರ್‌ಫೋನ್ ಒಎಂಟಿಪಿ ಪದ್ಧತಿಯದಾಗಿರಬೇಕು.

ಗ್ರೌಂಡ್ ಸರಿಯಾಗಿ ಸಿಗದಿದ್ದಾಗ ಎಡ ಬಲ ಕಿವಿಗಳ ಸ್ಪೀಕರ್‌ಗಳು ಒಂದರ ಮೂಲಕ ಇನ್ನೊಂದು ಎಂಬಂತೆ ಸರಣಿಯಾಗಿ ಸೇರಿಬಿಡುತ್ತವೆ, ಆಗ ಕೇಳಿಸುವುದು ಎರಡು ಕಡೆಯ ಸಂಕೇತಗಳ ವ್ಯತ್ಯಾಸ ಮಾತ್ರ. ಹಾಡುವವರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆಗೆ ಸಮನಾಗಿ ಹಂಚಿ ಮುದ್ರಿಸಿರುವುದರಿಂದ ವ್ಯತ್ಯಾಸದಲ್ಲಿ ಅದು ಕಳೆದುಹೋಗುತ್ತದೆ. ಗುಂಡಿ ಒತ್ತಿದಾಗ ಮೈಕ್ ತಂತಿಯೂ ಗ್ರೌಂಡ್ ತಂತಿಯೂ ಒಂದಾಗಿ ಗ್ರೌಂಡಿಗೆ ದಾರಿ ಸಿಗುತ್ತದೆ, ದನಿ ಮರಳುತ್ತದೆ. ಎರಡು ಪದ್ಧತಿಗಳ ನಡುವೆ ಬದಲಾಯಿಸಿಕೊಡುವ ಗೇಣುದ್ದದ ತಂತಿಗಳು ಸಿಗುತ್ತವೆ, ಅದೊಂದನ್ನು ನಡುವೆ ಸೇರಿಸಿದರೆ ಸಾಕು. ಪ್ಲಗ್ ಪೂರ್ತಿ ಒಳಗೆ ಕುಳಿತಿಲ್ಲದಿದ್ದರೂ ಇದೇ ಲಕ್ಷಣ ಕಾಣಿಸಬಹುದು, ಆದ್ದರಿಂದ ಮೊದಲು ಅದನ್ನು ಗಟ್ಟಿಯಾಗಿ ಒತ್ತಿ ನೋಡಿ.

ಈಗ ದನಿಯ ಪ್ರಮಾಣದ ವಿಷಯ. ಆಕ್ಟಿವ್ ಅಡಾಪ್ಟರ್ ಬಳಸುವಾಗ ಎರಡು ವಾಲ್ಯೂಮ್‌ಗಳಿರುತ್ತವೆ: ಫೋನಿನ ವಾಲ್ಯೂಮ್ ಒಂದು, ಅಡಾಪ್ಟರಿನ ಚಿಪ್ಪಿನೊಳಗಿನದು ಇನ್ನೊಂದು. ಕಂಪ್ಯೂಟರ್ ಎರಡನೆಯದನ್ನೂ ನಿಯಂತ್ರಿಸುತ್ತದೆ, ಹಲವು ಆಂಡ್ರಾಯ್ಡ್ ಫೋನ್‌ಗಳು ಅದನ್ನು ಮುಟ್ಟದೆ ಬಿಟ್ಟು, ತಮ್ಮ ವಾಲ್ಯೂಮನ್ನು ಮಾತ್ರ ಏರಿಸುತ್ತವೆ. ಆಪಲ್‌ನ ಟೈಪ್-ಸಿ ಅಡಾಪ್ಟರನ್ನು ಆಂಡ್ರಾಯ್ಡ್ ಫೋನಿಗೆ ಹಾಕಿದಾಗ ದನಿ ಕಡಿಮೆಯಾಗುವುದು ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ, ಅದೇ ಅಡಾಪ್ಟರ್ ಐಫೋನಿನಲ್ಲಿ ಪೂರ್ಣ ಶಕ್ತಿಯಿಂದ ಕೆಲಸ ಮಾಡುತ್ತದೆ. ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊ ಎಂಬಂಥ ಆ್ಯಪ್‌ಗಳು ಆಂಡ್ರಾಯ್ಡಿನ ಆಡಿಯೊ ವ್ಯವಸ್ಥೆಯನ್ನು ದಾಟಿ ಅಡಾಪ್ಟರಿನೊಂದಿಗೆ ನೇರವಾಗಿ ಮಾತನಾಡುವುದರಿಂದ ಚಿಪ್ಪಿನ ವಾಲ್ಯೂಮನ್ನೂ ಏರಿಸಬಲ್ಲವು. ಆದರೆ ಆ ಅನುಕೂಲ ಆ ಆ್ಯಪ್‌ನೊಳಗೆ ಮಾತ್ರ, ನೀವು ಕತ್ತರಿಸಿ ಜೋಡಿಸುವ ಆ್ಯಪ್‌ಗೆ ಅದು ಸಿಗುವುದಿಲ್ಲ. ನಿಮ್ಮ ಕೆಲಸಕ್ಕೆ, ಆಂಡ್ರಾಯ್ಡಿನಲ್ಲಿ ಮೊದಲಿನಿಂದಲೇ ಪೂರ್ಣ ದನಿಯಿಂದ ಶುರುವಾಗುವ ಅಥವಾ ತನ್ನ ಮೈಮೇಲೆಯೇ ವಾಲ್ಯೂಮ್ ಗುಂಡಿಗಳಿರುವ ಅಡಾಪ್ಟರ್ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮಂದ್ರಸ್ವರ

ನನ್ನ ಸಲಹೆ ಬೇರೆ. ಈ ಚಿಕ್ಕ ಅಡಾಪ್ಟರ್‌ಗಳ ಗೋಜಿಗೇ ಹೋಗದೆ, 4.4 ಮಿಲಿಮೀಟರಿನ ಬ್ಯಾಲೆನ್ಸ್ಡ್ ಔಟ್‌ಪುಟ್ (ಎಡ ಬಲ ಕಿವಿಗಳಿಗೆ ಬೇರೆ ಬೇರೆ ತಂತಿಜೋಡಿ) ಇರುವ, ಹೆಚ್ಚು ಶಕ್ತಿಯ ಡ್ಯಾಕ್ ಒಂದನ್ನು ಕೊಂಡುಬಿಡಿ. ದನಿಯ ಕೊರತೆಯೂ ತೀರುತ್ತದೆ, ಗುಣಮಟ್ಟವೂ ಎಷ್ಟೋ ಮೇಲಾಗುತ್ತದೆ.

ಓಮ್‌ಲೆಕ್ಕ

ಮಂದ್ರಸ್ವರ ಅವರೇ, ಧ್ವನಿಲಿಪಿಯವರ ಅಗತ್ಯಕ್ಕೆ ಇದನ್ನು ಒಪ್ಪುವುದು ನನಗೆ ಕಷ್ಟ. ಲೆಕ್ಕ ಹಾಕಿ ನೋಡೋಣ. 1 ವೋಲ್ಟ್ ಕೊಡುವ ಅಡಾಪ್ಟರಿಗೆ 32 ಓಮ್ ರೋಧದ ಇಯರ್‌ಫೋನ್ ಹಾಕಿದರೆ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ. ಕಿವಿಯೊಳಗೆ ಕೂರುವ ಸಾಮಾನ್ಯ ಇಯರ್‌ಫೋನಿಗೆ ಇದು ಬೇಕಾದುದಕ್ಕಿಂತ ಹೆಚ್ಚು. ಅದೇ ಅಡಾಪ್ಟರಿಗೆ 300 ಓಮ್‌ನ ದೊಡ್ಡ ಹೆಡ್‌ಫೋನ್ ಹಾಕಿದರೆ ಸಿಗುವುದು 3.3 ಮಿಲಿವ್ಯಾಟ್ ಮಾತ್ರ. ಅಂಥ ಹೆಡ್‌ಫೋನ್ ಇರುವವರಿಗೆ 2 ವೋಲ್ಟ್ ಕೊಡುವ ಡ್ಯಾಕ್ ಬೇಕು, ಆಗ 13 ಮಿಲಿವ್ಯಾಟ್ ದೊರೆಯುತ್ತದೆ. ಮಾತು ಕೇಳಿ ಬರೆದುಕೊಳ್ಳುವವರಿಗೆ ಆ ಶಕ್ತಿಯಿಂದ ಸಿಗುವ ಲಾಭವಿಲ್ಲ. ಫೋನಿನ ಬ್ಯಾಟರಿ ಬೇಗ ಇಳಿಯುವುದು ಮತ್ತು ಡ್ಯಾಕ್ ಬಿಸಿಯಾಗುವುದು ಮಾತ್ರ ಜೊತೆಗೆ ಬರುತ್ತವೆ. 4.4 ಮಿಲಿಮೀಟರಿನ ತೂತಿಗೆ ಅವರ ಇಯರ್‌ಫೋನಿನ ಪ್ಲಗ್ ಹೊಂದುವುದೂ ಇಲ್ಲ.

ಆಪಲ್‌ನ ಅಡಾಪ್ಟರಿನಲ್ಲಿಯೇ ಎರಡು ಬಗೆಗಳಿವೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಯುರೋಪಿನ ಮಾರುಕಟ್ಟೆಗೆ ಮಾಡಿದ್ದು ಸುಮಾರು 0.5 ವೋಲ್ಟಿನದು, ಅಮೆರಿಕದ್ದು 1 ವೋಲ್ಟಿನದು. ವೋಲ್ಟೇಜ್ ಅರ್ಧವಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಕೊಳ್ಳುವವರು ಮಾದರಿ ಸಂಖ್ಯೆಯನ್ನು ನೋಡಿಕೊಳ್ಳಬೇಕು.

ಗುಣಮಟ್ಟದ ಮಾತಿಗೆ ಬಂದರೆ, ಪೊಟ್ಟಣದ ಮೇಲಿನ 384 ಕಿಲೋಹರ್ಟ್ಸ್‌ನಂಥ ದೊಡ್ಡ ಸಂಖ್ಯೆಗಳಿಗಿಂತ ಅಡಾಪ್ಟರಿನ ಔಟ್‌ಪುಟ್ ರೋಧ ಎಷ್ಟೆಂಬುದು ಹೆಚ್ಚು ಮುಖ್ಯ. ಅದು ಹೆಡ್‌ಫೋನಿನ ರೋಧದ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆ ಇರಬೇಕೆಂಬುದು ಬಳಕೆಯಲ್ಲಿರುವ ಲೆಕ್ಕ: 16 ಓಮ್‌ನ ಇಯರ್‌ಫೋನಿಗೆ 2 ಓಮ್‌ಗಿಂತ ಕಡಿಮೆ. ಆಂಡ್ರಾಯ್ಡ್ ಸಾಮಾನ್ಯವಾಗಿ ಎಲ್ಲ ದನಿಯನ್ನೂ ಒಂದೇ ದರಕ್ಕೆ, ಹೆಚ್ಚಾಗಿ 48 ಕಿಲೋಹರ್ಟ್ಸ್‌ಗೆ, ಬದಲಾಯಿಸಿಯೇ ಹೊರಗೆ ಕಳುಹಿಸುತ್ತದೆ. ಮೂಲದಲ್ಲಿದ್ದಂತೆಯೇ ಯುಎಸ್‌ಬಿ ಮೂಲಕ ಕಳುಹಿಸುವ ಅವಕಾಶ ಆಂಡ್ರಾಯ್ಡ್ 14ರಲ್ಲಿ ಬಂದಿತಾದರೂ, ಆ್ಯಪ್ ಕೂಡ ಅದನ್ನು ಬಳಸಿಕೊಂಡರೆ ಮಾತ್ರ ಪ್ರಯೋಜನ. ಮಾತಿನ ಮುದ್ರಣಕ್ಕೆ 24 ಬಿಟ್, 48 ಕಿಲೋಹರ್ಟ್ಸ್ ಧಾರಾಳವಾಯಿತು.

ಮಂದ್ರಸ್ವರ

ನನ್ನದು 300 ಓಮ್‌ನ ಹೆಡ್‌ಫೋನ್, ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಇಯರ್‌ಫೋನಿಗಾದರೆ ನಿಮ್ಮ ಮಾತು ಸರಿ.

ತಾಮ್ರತಂತಿ

ಚಾರ್ಜಿಂಗ್ ಪ್ರಶ್ನೆ ಉಳಿದುಹೋಗಿತ್ತು. ದಾರಿ ಇದೆ, ಆದರೆ ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿಯೇ. ಆಕ್ಟಿವ್ ಅಡಾಪ್ಟರ್ ಬಳಸುವಾಗ ಫೋನ್ ಯಜಮಾನನ ಸ್ಥಾನದಲ್ಲಿದ್ದು ಅಡಾಪ್ಟರಿಗೆ ವಿದ್ಯುತ್ತನ್ನೂ ಅಂಕಿಗಳನ್ನೂ ಕೊಡುತ್ತಿರುತ್ತದೆ. ಚಾರ್ಜರ್ ಸೇರಿದ ಕೂಡಲೇ ವಿದ್ಯುತ್ತಿನ ಮಟ್ಟಿಗೆ ಅದು ಪಡೆಯುವ ಕಡೆಗೆ ಬದಲಾಗಬೇಕು, ಅಂಕಿಗಳ ಮಟ್ಟಿಗೆ ಮಾತ್ರ ಯಜಮಾನನಾಗಿಯೇ ಉಳಿಯಬೇಕು. ಈ ಹೊಂದಾಣಿಕೆಯನ್ನು ಪವರ್ ಡೆಲಿವರಿ ಎಂಬ ಮಾನದಂಡದ ಸಂದೇಶಗಳ ಮೂಲಕ ಮಾಡಿಕೊಳ್ಳುವ ಚಿಪ್ ಅಡಾಪ್ಟರಿನೊಳಗೆ ಇರಲೇಬೇಕು. ಒಂದು ತುದಿಯನ್ನು ಎರಡಾಗಿ ಸೀಳಿದಂತಿರುವ, ಒಳಗೆ ಬರೀ ತಂತಿಗಳಿರುವ ಅಡಾಪ್ಟರ್‌ಗಳಲ್ಲಿ ಇದು ಇಲ್ಲದ ಕಾರಣ, ಚಾರ್ಜರ್ ಹಾಕಿದೊಡನೆ ದನಿ ನಿಲ್ಲುತ್ತದೆ, ಇಲ್ಲವೇ ದನಿ ಬರುತ್ತಿದ್ದು ಚಾರ್ಜ್ ಆಗುವುದಿಲ್ಲ.

ಆದ್ದರಿಂದ ಡ್ಯಾಕ್ ಮತ್ತು ಪವರ್ ಡೆಲಿವರಿ ಎರಡನ್ನೂ ಸ್ಪಷ್ಟವಾಗಿ ನಮೂದಿಸಿದ, ಎಷ್ಟು ವ್ಯಾಟ್ ಚಾರ್ಜಿಂಗ್ ಸಿಗುತ್ತದೆಂದು ಬರೆದಿರುವ ಅಡಾಪ್ಟರನ್ನೇ ತೆಗೆದುಕೊಳ್ಳಿ, ಮತ್ತು ಹಿಂದಿರುಗಿಸುವ ಅವಕಾಶ ಇರುವಲ್ಲಿಯೇ ಕೊಳ್ಳಿ. ಫೋನ್ ಕಂಪನಿಯದೇ ಆದ ವಿಶೇಷ ವೇಗದ ಚಾರ್ಜಿಂಗ್ ಇದರ ಮೂಲಕ ಸಾಮಾನ್ಯವಾಗಿ ನಡೆಯುವುದಿಲ್ಲ, ನಿಧಾನವಾಗಿಯೇ ತುಂಬುತ್ತದೆ. ಚಾರ್ಜ್ ಆಗುವಾಗ ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದು ಬಂದರೆ ಚಾರ್ಜರನ್ನು ಬದಲಾಯಿಸಿ ನೋಡಿ ಅಥವಾ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಿ. ಸದ್ದು ಹೋದರೆ ದೋಷ ಚಾರ್ಜರಿನದೇ. ನಿಮ್ಮ ಫೋನಿಗೆ ವೈರ್‌ಲೆಸ್ ಚಾರ್ಜಿಂಗ್ ಇದ್ದರೆ ಈ ಯಾವ ತಾಪತ್ರಯವೂ ಇಲ್ಲ, ಪೋರ್ಟನ್ನು ಅಡಾಪ್ಟರಿಗೇ ಬಿಟ್ಟುಬಿಡಬಹುದು. ಗಂಟೆಗಟ್ಟಲೆ ಕುಳಿತು ಕೇಳುವ ನಿಮಗೆ ನಾನು ಮೊದಲು ಹೇಳುವುದು ಇದನ್ನೇ.

ಕೇಳುವುದು ಮುಗಿದ ಮೇಲೆ ಅಡಾಪ್ಟರನ್ನು ಫೋನಿನಿಂದ ತೆಗೆದಿಡಿ. ಏನೂ ಕೇಳದಿದ್ದರೂ ಕೆಲವು ಅಡಾಪ್ಟರ್‌ಗಳು ಫೋನಿನಿಂದ ವಿದ್ಯುತ್ ಎಳೆಯುತ್ತಲೇ ಇರುತ್ತವೆ. ತೆಗೆಯುವಾಗ ತಂತಿಯನ್ನು ಹಿಡಿದೆಳೆಯದೆ ಪ್ಲಗ್ಗಿನ ಗಟ್ಟಿ ಭಾಗವನ್ನು ಹಿಡಿಯಿರಿ, ಈ ಅಡಾಪ್ಟರ್‌ಗಳು ಸಾಯುವುದು ಹೆಚ್ಚಾಗಿ ತಂತಿ ಪ್ಲಗ್ಗಿಗೆ ಸೇರುವ ಆ ಕುತ್ತಿಗೆಯಲ್ಲಿ.

ಧ್ವನಿಲಿಪಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ನನ್ನ ಫೋನಿಗೆ ವೈರ್‌ಲೆಸ್ ಚಾರ್ಜಿಂಗ್ ಇಲ್ಲ, ಹಾಗಾಗಿ ಡ್ಯಾಕ್ ಮತ್ತು ಪವರ್ ಡೆಲಿವರಿ ಎರಡೂ ಇರುವುದನ್ನೇ ಹುಡುಕುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ: ಇಯರ್‌ಫೋನಿನ ತಂತಿಯ ಮೇಲಿರುವ ನಿಲ್ಲಿಸುವ ಗುಂಡಿ ಮತ್ತು ಮೈಕ್ ಇಂಥ ಅಡಾಪ್ಟರಿನ ಮೂಲಕವೂ ಕೆಲಸ ಮಾಡುತ್ತವೆಯೇ? ಬರೆಯುವಾಗ ಆಗಾಗ ನಿಲ್ಲಿಸಬೇಕಾಗುವುದರಿಂದ ಆ ಗುಂಡಿ ನನಗೆ ಬಹಳ ಮುಖ್ಯ.

ಪಿನ್‌ನೋಟ

ಅಡಾಪ್ಟರಿನ ಚಿಪ್ ಅವುಗಳನ್ನು ಗುರುತಿಸುವಂತಿದ್ದರೆ ಮಾಡುತ್ತವೆ. ಕೆಲವು ಅಡಾಪ್ಟರ್‌ಗಳು ಕೇಳುವುದಕ್ಕೆ ಮಾತ್ರ, ಮೈಕಿಗೆ ಅವುಗಳಲ್ಲಿ ಸ್ಥಳವೇ ಇಲ್ಲ. ವಿವರಣೆಯಲ್ಲಿ ಮೈಕ್ ಬೆಂಬಲ ಎಂದು ಬರೆದಿರಬೇಕು. ನಿಲ್ಲಿಸುವ ಗುಂಡಿ ಮೈಕ್ ಮತ್ತು ಗ್ರೌಂಡ್ ತಂತಿಗಳನ್ನು ಸೇರಿಸುವುದಷ್ಟೇ ಆದ್ದರಿಂದ ಮೈಕ್ ಇರುವ ಅಡಾಪ್ಟರ್‌ಗಳಲ್ಲಿ ಅದು ಸಾಮಾನ್ಯವಾಗಿ ನಡೆಯುತ್ತದೆ. ವಾಲ್ಯೂಮ್ ಗುಂಡಿಗಳ ವಿಷಯ ಹಾಗಲ್ಲ. ಆಂಡ್ರಾಯ್ಡಿಗೆ ಮಾಡಿದ ಇಯರ್‌ಫೋನ್‌ಗಳು ಪ್ರತಿ ಗುಂಡಿಗೂ ಬೇರೆ ಬೇರೆ ರೋಧವನ್ನು ಬಳಸುತ್ತವೆ, ಆಪಲ್‌ಗೆ ಮಾಡಿದವುಗಳ ರೀತಿಯೇ ಬೇರೆ, ಹಾಗಾಗಿ ಒಂದರದ್ದು ಇನ್ನೊಂದಕ್ಕೆ ತಿಳಿಯದಿರುವುದು ಸಹಜ.

ಫೋನಿನಲ್ಲಿಯೇ ಎಫ್‌ಎಂ ರೇಡಿಯೊ ಕೇಳುವ ಅಭ್ಯಾಸ ನಿಮಗಿದ್ದರೆ ಅದನ್ನು ಈ ಅಡಾಪ್ಟರಿನಿಂದ ನಿರೀಕ್ಷಿಸಬೇಡಿ. ಜ್ಯಾಕಿಗೆ ನೇರವಾಗಿ ಹಾಕಿದ ಇಯರ್‌ಫೋನಿನ ತಂತಿಯೇ ರೇಡಿಯೊಗೆ ಆಂಟೆನಾ ಆಗಿರುತ್ತಿತ್ತು, ಡಿಜಿಟಲ್ ಅಡಾಪ್ಟರ್ ನಡುವೆ ಬಂದ ಮೇಲೆ ಆ ಸಂಪರ್ಕ ಸಾಮಾನ್ಯವಾಗಿ ಇರುವುದಿಲ್ಲ.

ಅಡಾಪ್ಟರ್ ಕೈಗೆ ಬಂದ ದಿನವೇ ಚಾರ್ಜಿಂಗ್, ದನಿ, ಗುಂಡಿ, ಮೈಕ್ ಈ ನಾಲ್ಕನ್ನೂ ಒಟ್ಟಿಗೆ ಪರೀಕ್ಷಿಸಿ. ಚಾರ್ಜರ್ ಸೇರಿಸಿ ಒಂದು ಮುದ್ರಣವನ್ನು ಕೇಳುತ್ತಾ, ಗುಂಡಿಯಿಂದ ನಿಲ್ಲಿಸಿ ಮತ್ತೆ ಶುರುಮಾಡಿ, ಆಮೇಲೆ ರೆಕಾರ್ಡರ್ ಆ್ಯಪ್ ತೆರೆದು ತಂತಿಯ ಮೇಲಿನ ಮೈಕನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ. ತಟ್ಟಿದ ಸದ್ದು ಮುದ್ರಣದಲ್ಲಿ ಜೋರಾಗಿ ಕೇಳಿಸಿದರೆ ಆ ಮೈಕ್ ಕೆಲಸ ಮಾಡುತ್ತಿದೆ. ಮಂದವಾಗಿ ಕೇಳಿಸಿದರೆ ಫೋನ್ ತನ್ನದೇ ಮೈಕನ್ನು ಬಳಸುತ್ತಿದೆ, ಆಗ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಬಾಹ್ಯ ಮೈಕನ್ನು ಆರಿಸುವ ಆಯ್ಕೆ ಇದೆಯೇ ಎಂದು ನೋಡಿ.